ಹೆತ್ತ ಮೇಲೆ ಮಾತು ಕೇಳಿಸಿಕೊಳ್ಳಿ ಸ್ವಾಮಿ!

“ಅದು ಒಮ್ಮೊಮ್ಮೆ ಹಂಗೇ ಹ್ಯಾಂಗ್ ಆಗುತ್ತೆ ಸಾರ್. ಕಿಲ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತೆ.”

ಸಾಫ್ಟ್‌ವೇರ್ ಕೆಲಸದಲ್ಲಿರೋ ಯಾರಿಗೂ ಈ ಮಾತು ಹೊಸದಲ್ಲ. ಮಳೆ ಬಂತು, ಕರೆಂಟು ಹೋಯ್ತು ಅನ್ನುವಷ್ಟೇ ಸಲೀಸಾಗಿ ಇದನ್ನ ಹೇಳ್ತೀವಿ, ಅಷ್ಟೇ ಸಲೀಸಾಗಿ ಕೇಳಿಸಿಕೊಳ್ತೀವಿ. ಮಳೆಗೆ ಯಾರನ್ನ ಬೈಯೋದು ಹೇಳಿ? ಆದರೆ ಪ್ರೋಗ್ರಾಂ ಮಳೆ ಅಲ್ಲ. ಅದು ತಾನಾಗಿ ಸುಮ್ಮನೆ ನಿಲ್ಲಲ್ಲ. ನಿಂತಿದೆ ಅಂದರೆ ಯಾವುದಕ್ಕೋ ಕಾಯ್ತಾ ಇದೆ. ಯಾವುದಕ್ಕೆ ಅಂತ ಯಾರೂ ಕೇಳಿಲ್ಲ, ಅಷ್ಟೇ.

ಹೀಗೆ ‘ಒಮ್ಮೊಮ್ಮೆ’ ನಿಂತುಹೋಗುವ ಪ್ರೋಗ್ರಾಂಗಳಲ್ಲಿ ಒಂದು ಜಾತಿ ಇದೆ. ಅವು ಇನ್ನೊಂದು ಪ್ರೋಗ್ರಾಂ ಅನ್ನು ಮಗುವಾಗಿ ಹುಟ್ಟಿಸುತ್ತವೆ, ಆಮೇಲೆ ಆ ಮಗುವಿನ ಮಾತು ಕೇಳಿಸಿಕೊಳ್ಳಲ್ಲ. ಮಗು ಮಾತಾಡಿ ಮಾತಾಡಿ, ಕೇಳುವವರಿಲ್ಲದೆ ಒಂದು ಹೊತ್ತಿಗೆ ಬಾಯಿ ಕಟ್ಟಿ ನಿಲ್ಲುತ್ತೆ. ಅಪ್ಪ “ಮಗ ಕೆಲಸ ಮುಗಿಸಲಿ, ಆಮೇಲೆ ಮಾತಾಡ್ತೀನಿ” ಅಂತ ಕೂತಿರ್ತಾನೆ. ಮಗ “ಅಪ್ಪ ನನ್ನ ಮಾತು ಕೇಳಲಿ, ಆಮೇಲೆ ಕೆಲಸ ಮುಗಿಸ್ತೀನಿ” ಅಂತ ನಿಂತಿರ್ತಾನೆ. ಇಬ್ಬರೂ ಹಾಗೇ ಕಲ್ಲಾಗ್ತಾರೆ. ನಾವು ಬಂದು ಮಗನನ್ನ ಕಿಲ್ ಮಾಡ್ತೀವಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇವತ್ತಿನ ಕೊರೆತ ಇದರ ಬಗ್ಗೆ. ಸ್ವಲ್ಪ ಟೆಕ್ನಿಕಲ್, ಆದರೆ ಕಥೆ-ಕವನ ಬರೆಯುವ ಗೆಳೆಯರು ಟ್ಯಾಬ್ ಮುಚ್ಚಿ ಓಡಬೇಡಿ. ಕೊನೆಗೆ ಇದು ನಮ್ಮ ಕನ್ನಡದ ಬುಡಕ್ಕೇ ಬರುತ್ತೆ.

*

ಮೊದಲು ಎರಡು ಮಾತು, ಗೊತ್ತಿಲ್ಲದವರಿಗಾಗಿ. ಒಂದು ಪ್ರೋಗ್ರಾಂ ಎಲ್ಲ ಕೆಲಸವನ್ನೂ ತಾನೇ ಮಾಡಲ್ಲ. ವಿಡಿಯೋ ಬದಲಾಯಿಸಲು ಎಫ್‌ಎಫ್‌ಎಂಪೆಗ್ ಕರೆಯುತ್ತೆ, ಚಿತ್ರದಿಂದ ಅಕ್ಷರ ಓದಲು ಟೆಸೆರಾಕ್ಟ್ ಕರೆಯುತ್ತೆ. ಹೀಗೆ ಕರೆದದ್ದು ಪೇರೆಂಟ್, ಕರೆಸಿಕೊಂಡದ್ದು ಚೈಲ್ಡ್ ಪ್ರೋಸೆಸ್. ಹುಟ್ಟುವ ಪ್ರತಿ ಪ್ರೋಸೆಸ್ಸಿಗೂ ಮೂರು ಕೊಳವೆ ಇರುತ್ತೆ ಅಂತ ಯೂನಿಕ್ಸ್ ಕಾಲದಿಂದ ಒಪ್ಪಂದ. 0 ಅಂದರೆ ಸ್ಟ್ಯಾಂಡರ್ಡ್ ಇನ್‌ಪುಟ್, ಕಿವಿ. 1 ಅಂದರೆ ಸ್ಟ್ಯಾಂಡರ್ಡ್ ಔಟ್‌ಪುಟ್, ಬಾಯಿ. 2 ಅಂದರೆ ಸ್ಟ್ಯಾಂಡರ್ಡ್ ಎರರ್, ದೂರು ಹೇಳಿಕೊಳ್ಳೋಕೆ ಇನ್ನೊಂದು ಬಾಯಿ.

ಈ ಕೊಳವೆಗಳನ್ನ ಒಂದಕ್ಕೊಂದು ಜೋಡಿಸಬಹುದು ಅನ್ನೋ ಯೋಚನೆ ಡಗ್ ಮ್ಯಾಕಿಲ್‌ರಾಯ್ ಅವರದು. ತೋಟಕ್ಕೆ ನೀರು ಬಿಡೋ ಪೈಪಿಗೆ ಇನ್ನೊಂದು ತುಂಡು ತಿರುಗಿಸಿ ಹಾಕ್ತೀವಲ್ಲ, ಪ್ರೋಗ್ರಾಂಗಳನ್ನೂ ಹಾಗೆ ಜೋಡಿಸುವಂತಿರಬೇಕು ಅಂತ ಅವರು 1964ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಬರೆದಿಟ್ಟಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನ ಯೂನಿಕ್ಸ್‌ಗೆ ತಂದರು. ಎರಡನೇ ಬಾಯಿ, ಅಂದರೆ ಸ್ಟ್ಯಾಂಡರ್ಡ್ ಎರರ್, ಅದಕ್ಕೂ ಆಮೇಲೆ ಬಂತು. ಅದರ ಹಿಂದಿನ ಕಥೆ ಹೀಗೆ ಹೇಳ್ತಾರೆ: ಅಲ್ಲಿ ಫೋಟೋಟೈಪ್‌ಸೆಟ್ಟರ್ ಅನ್ನೋ ದುಬಾರಿ ಅಚ್ಚುಯಂತ್ರ ಇತ್ತು. ಪುಟ ಬರಲಿ ಅಂತ ಕಾದು ಕೂತರೆ, ಅಂದವಾಗಿ ಅಚ್ಚಾಗಿ ಬರ್ತಾ ಇದ್ದದ್ದು “ಇಂಥ ಫೈಲ್ ಇಲ್ಲ” ಅನ್ನೋ ದೂರು! ಹೀಗೆ ಒಂದಷ್ಟು ಕಾಗದ ಹಾಳಾದ ಮೇಲೆ ದೂರಿಗೆ ಬೇರೆ ದಾರಿ ಮಾಡಿದರು. ಈ ಮಾತು ನೆನಪಿಟ್ಟುಕೊಳ್ಳಿ. ಎರಡನೇ ಬಾಯಿ ಹುಟ್ಟಿದ್ದೇ ದೂರು ಮನುಷ್ಯರ ಕಿವಿಗೆ ಬೀಳಲಿ ಅಂತ.

ಈಗ ಪೈಪ್ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಹೋಟೆಲಿನ ಅಡುಗೆಮನೆಗೂ ಹೊರಗಿನ ಹಾಲಿಗೂ ನಡುವೆ ಒಂದು ಕಿಂಡಿ ಇರುತ್ತಲ್ಲ? ಭಟ್ಟರು ದೋಸೆ ಹುಯ್ದು ತಟ್ಟೆಯನ್ನ ಕಿಂಡಿಯ ಕಟ್ಟೆ ಮೇಲೆ ಇಡ್ತಾರೆ, ಸಪ್ಲೈಯರ್ ಎತ್ತಿಕೊಂಡು ಹೋಗ್ತಾನೆ. ಕಟ್ಟೆ ಮೇಲೆ ಹದಿನಾರು ತಟ್ಟೆಗೆ ಜಾಗ ಅಂತಿಟ್ಟುಕೊಳ್ಳಿ. ಹದಿನಾರೂ ತುಂಬಿದರೆ ಭಟ್ಟರು ಕೈಯಲ್ಲಿ ಹದಿನೇಳನೇ ತಟ್ಟೆ ಹಿಡಿದು ನಿಲ್ತಾರೆ. ಸಪ್ಲೈಯರ್ ಒಂದು ಎತ್ತಿದರೆ ತಾನೇ ಮುಂದಿನದು? ಲಿನಕ್ಸ್‌ನ ಪೈಪ್ ಕೂಡ ಹೀಗೇ. ಮಾಮೂಲಿಯಾಗಿ ಹದಿನಾರು ಪುಟ, ಪುಟಕ್ಕೆ 4,096 ಬೈಟು, ಒಟ್ಟು 65,536 ಬೈಟು. ತುಂಬಿದ ಮೇಲೆ ಬರೆಯಲು ಹೋದವನನ್ನ ಕರ್ನಲ್ ಅಲ್ಲೇ ಮಲಗಿಸುತ್ತೆ. ಇದು ತಪ್ಪಲ್ಲ, ಒಳ್ಳೇ ವ್ಯವಸ್ಥೆ. ಮಿತಿ ಇಲ್ಲದಿದ್ದರೆ ಮಗು ಉಗುಳಿದ್ದೆಲ್ಲ ಮೆಮೊರಿಯಲ್ಲಿ ತುಂಬಿ ಇಡೀ ಮಷಿನ್ ಮಲಗುತ್ತೆ.

ತಪ್ಪು ಇರೋದು ಸಪ್ಲೈಯರ್ ಹತ್ತಿರ. “ಭಟ್ಟರೇ, ನೀವು ಇವತ್ತಿನ ಅಡುಗೆ ಪೂರ್ತಿ ಮುಗಿಸಿ ಒಲೆ ಆರಿಸಿ, ಆಮೇಲೆ ನಾನು ಬಂದು ತಟ್ಟೆ ಎತ್ತುತ್ತೀನಿ” ಅನ್ನೋ ಸಪ್ಲೈಯರ್‌ನ ಯಾವ ಹೋಟೆಲಿನಲ್ಲಾದರೂ ಒಂದು ದಿನ ಇಟ್ಟುಕೊಳ್ತಾರಾ? ನಮ್ಮ ಕೋಡ್‌ನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದೀವಿ. ಮೊದಲು ‘ವೇಟ್’, ಆಮೇಲೆ ‘ರೀಡ್’. ಈ ಎರಡು ಸಾಲು ಈ ಕ್ರಮದಲ್ಲಿ ಕಂಡರೆ ಅಲ್ಲಿ ಒಂದು ಬಾಂಬ್ ಇದೆ ಅಂತಲೇ ಅರ್ಥ.

*

ಸರಿ, ಇಷ್ಟು ಸರಳ ಆದರೆ ಯಾಕೆ ಸಿಕ್ಕಿಬೀಳಲ್ಲ? ಯಾಕೆಂದರೆ ಪರೀಕ್ಷೆ ಮಾಡುವಾಗ ಭಟ್ಟರು ಬರೀ ಎರಡು ದೋಸೆ ಹುಯ್ದಿರ್ತಾರೆ. ಔಟ್‌ಪುಟ್ ಹತ್ತು ಸಾಲು. ಕಟ್ಟೆ ಮೇಲೆ ಆರಾಮಾಗಿ ಹಿಡಿಸುತ್ತೆ. ಭಟ್ಟರು ಒಲೆ ಆರಿಸ್ತಾರೆ, ಸಪ್ಲೈಯರ್ ಬಂದು ಎತ್ತುತ್ತಾನೆ, ಟೆಸ್ಟ್ ಪಾಸ್. ಕೋಡ್ ಪ್ರೊಡಕ್ಷನ್‌ಗೆ ಹೋಗುತ್ತೆ. ಆರು ತಿಂಗಳ ಮೇಲೆ ಒಂದು ದೊಡ್ಡ ಫೈಲ್ ಬರುತ್ತೆ, ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ. ಆಗ ಸಿಗೋ ಉತ್ತರವೇ ಮೇಲೆ ಮೊದಲನೇ ಸಾಲಿನಲ್ಲಿ ಬರೆದದ್ದು.

ಇನ್ನೊಂದು ವಿಷಯ. ಲಿನಕ್ಸ್‌ನ 2.6.11 ಕರ್ನಲ್ 2005ರಲ್ಲಿ ಬರುವ ತನಕ ಪೈಪಿನ ಅಳತೆ ಒಂದೇ ಪುಟ, 4,096 ಬೈಟು. ಆಮೇಲೆ ಹದಿನಾರು ಪಟ್ಟಾಯ್ತು. ವೇಗದ ದೃಷ್ಟಿಯಿಂದ ಒಳ್ಳೇದೇ ಆಯ್ತು. ಆದರೆ ಈ ಬಗ್‌ನ ಮಟ್ಟಿಗೆ ಆದದ್ದೇನು? ಹಳ್ಳ ಮುಚ್ಚಲಿಲ್ಲ, ಹದಿನಾರು ಮೈಲಿ ಮುಂದಕ್ಕೆ ಹೋಯ್ತು. ಮೊದಲು ಆಫೀಸಿನಲ್ಲೇ ಬೀಳ್ತಿದ್ದವನು ಈಗ ಗಿರಾಕಿಯ ಮನೆಯಲ್ಲಿ ಬೀಳ್ತಾನೆ.

ಸ್ವಲ್ಪ ಬುದ್ಧಿವಂತರು ಎರಡನೇ ಹಳ್ಳಕ್ಕೆ ಬೀಳ್ತಾರೆ. “ನಾನು ವೇಟ್ ಮಾಡೋ ಮುಂಚೆ ಔಟ್‌ಪುಟ್ ಪೂರ್ತಿ ಓದ್ತೀನಿ ಕಣ್ರೀ, ಆಮೇಲೆ ಎರರ್ ಓದ್ತೀನಿ.” ಸ್ವಾಮಿ, ಕಿಂಡಿ ಎರಡಿದೆ. ನೀವು ಮೊದಲನೇ ಕಿಂಡಿಯ ಮುಂದೆ “ಇದು ಮುಗಿಯೋ ತನಕ ಅಲ್ಲಾಡಲ್ಲ” ಅಂತ ನಿಂತಿದ್ದೀರಿ. ಭಟ್ಟರು ಎರಡನೇ ಕಿಂಡಿ ತುಂಬಿ ಅಲ್ಲಿ ತಟ್ಟೆ ಹಿಡಿದು ನಿಂತಿದ್ದಾರೆ. ಮತ್ತೆ ಕಲ್ಲು.

ಇದಕ್ಕೆ ಎಫ್‌ಎಫ್‌ಎಂಪೆಗ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. ಅದು ತನ್ನ ಪ್ರಗತಿಯ ವರದಿಯನ್ನ, ಇಷ್ಟು ಫ್ರೇಮ್ ಆಯ್ತು, ಇಷ್ಟು ವೇಗ ಅನ್ನೋದನ್ನ, ಸ್ಟ್ಯಾಂಡರ್ಡ್ ಎರರ್‌ಗೆ ಬರೀತಾ ಹೋಗುತ್ತೆ. ತುಂಡು ವಿಡಿಯೋ ಕೊಟ್ಟರೆ ಬೇಗ ಮುಗಿಯುತ್ತೆ, ಕಟ್ಟೆ ತುಂಬಲ್ಲ. ಉದ್ದದ ವಿಡಿಯೋ ಕೊಟ್ಟರೆ ನಡುವೆ ಎಲ್ಲೋ ಕಟ್ಟೆ ತುಂಬಿ ನಿಲ್ಲುತ್ತೆ. ಸಿಪಿಯು ಸೊನ್ನೆ. ಆಗ ನಮ್ಮವರು ಏನಂತಾರೆ? “ಎಫ್‌ಎಫ್‌ಎಂಪೆಗ್‌ಗೆ ದೊಡ್ಡ ಫೈಲ್ ಆಗಿಬರಲ್ಲ.” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಎಸ್‌ಟ್ರೇಸ್ ಹಾಕಿ ನೋಡಿದ್ದರೆ ಮಗು 2ನೇ ಕೊಳವೆಗೆ ಬರೆಯುವ ‘ರೈಟ್’ ಕರೆಯಲ್ಲೇ ನಿಂತಿರೋದು ಅರ್ಧ ನಿಮಿಷದಲ್ಲಿ ಕಾಣ್ತಿತ್ತು.

*

“ಇದೆಲ್ಲ ಡಾಕ್ಯುಮೆಂಟೇಶನ್‌ನಲ್ಲೇ ಇದೆಯಲ್ಲ, ಓದದೆ ಇದ್ದರೆ ಯಾರ ತಪ್ಪು?” ಅಂತ ಹಿರಿಯರೊಬ್ಬರು ಕೇಳೇ ಕೇಳ್ತಾರೆ. ನನ್ನ ನಿಜವಾದ ಜಗಳ ಇರೋದು ಈ ಮಾತಿನ ಜೊತೆ.

ಹೌದು, ಇದೆ. ಜಾವಾದ ಪ್ರೋಸೆಸ್ ಕ್ಲಾಸಿನ ಪುಟದಲ್ಲಿ, ಔಟ್‌ಪುಟ್ ಬೇಗ ಓದದಿದ್ದರೆ ಮಗು ನಿಂತುಹೋಗಬಹುದು, ಡೆಡ್‌ಲಾಕ್ ಕೂಡ ಆಗಬಹುದು ಅಂತ ಬರೆದಿದ್ದಾರೆ. ಪೈಥಾನ್‌ನ ಸಬ್‌ಪ್ರೋಸೆಸ್ ಪುಟದಲ್ಲಿ ವೇಟ್ ಪಕ್ಕದಲ್ಲೇ ಎಚ್ಚರಿಕೆ ಇದೆ, ಅದರ ಬದಲು ಕಮ್ಯುನಿಕೇಟ್ ಬಳಸಿ ಅಂತ. ಆದರೆ ರಸ್ತೆ ನಡುವೆ ಗುಂಡಿ ತೋಡಿ “ಇಲ್ಲಿ ಗುಂಡಿ ಇದೆ” ಅಂತ ಬೋರ್ಡ್ ನೆಟ್ಟರೆ ರಸ್ತೆ ರಿಪೇರಿ ಆದ ಹಾಗಾ? ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ ಅಂದ್ಕೊಂಡಿದ್ದೀನಿ :-)

ಜಾವಾ ನೋಡಿ. 1996ರ ಮೊದಲ ಆವೃತ್ತಿಯಿಂದಲೇ ‘ರನ್‌ಟೈಮ್ ಎಕ್ಸೆಕ್’ ಇತ್ತು. ಮಗು ಹುಟ್ಟಿಸಿದ ಕೂಡಲೇ ಕೇಳಲಿ ಬಿಡಲಿ ಮೂರೂ ಕೊಳವೆಗೆ ಪೈಪ್ ಹಾಕಿ ನಿಮ್ಮ ಕೈಗೆ ಕೊಡ್ತಾರೆ. ಓದಿದರೆ ಬದುಕಿದಿರಿ. ಓದೋ ಇಷ್ಟ ಇಲ್ಲ, ಮಗುವಿನ ಮಾತು ನೇರ ಟರ್ಮಿನಲ್‌ಗೋ ಫೈಲ್‌ಗೋ ಹೋಗಲಿ ಅಂದರೆ ಸಲೀಸಾದ ದಾರಿ ಸಿಕ್ಕಿದ್ದು ಜಾವಾ 7ರಲ್ಲಿ, 2011ಕ್ಕೆ. ಹದಿನೈದು ವರ್ಷ! ಬೇಡವಾದ್ದನ್ನ ಎಸೆದುಬಿಡು ಅನ್ನೋಕೆ ಒಂದು ಹೆಸರು ಸಿಕ್ಕಿದ್ದು ಜಾವಾ 9ರಲ್ಲಿ, 2017ಕ್ಕೆ. ಇವತ್ತಿಗೂ ಏನೂ ಹೇಳದಿದ್ದರೆ ಮೂರೂ ಪೈಪೇ. ಹೆಸರಿಡೋದರಲ್ಲೂ ತಮಾಷೆ. ಮಗುವಿನ ಔಟ್‌ಪುಟ್ ಬೇಕಾದರೆ ‘ಗೆಟ್ ಇನ್‌ಪುಟ್ ಸ್ಟ್ರೀಮ್’ ಅನ್ನಬೇಕು, ಮಗುವಿಗೆ ಇನ್‌ಪುಟ್ ಕೊಡಲು ‘ಗೆಟ್ ಔಟ್‌ಪುಟ್ ಸ್ಟ್ರೀಮ್’. ಅಪ್ಪನ ಕಡೆಯಿಂದ ನೋಡಿದರೆ ಸರಿ ಅಂತ ಸಮಜಾಯಿಷಿ ಕೊಡಬಹುದು. ಆದರೆ ಬಾಗಿಲಿನ ಮೇಲೆ “ಒಳಗೆ” ಅಂತ ಬರೆದು ಹೊರಗೆ ಬಿಡೋದು ಯಾವ ಮರ್ಯಾದೆ?

ಇದು ಹೀಗೇ ಇರಬೇಕಿಲ್ಲ ಅನ್ನೋಕೆ ಸಾಕ್ಷಿ ಬೇಕಾ? ಗೋ ಭಾಷೆಯಲ್ಲಿ ನೀವು ಏನೂ ಹೇಳದಿದ್ದರೆ ಮಗುವಿನ ಮೂರು ಕೊಳವೆಯೂ ನಲ್ ಡಿವೈಸ್‌ಗೆ ಹೋಗುತ್ತೆ. ಮಾತು ಕಳೆದುಹೋಗಬಹುದು, ಆದರೆ ಮಗು ಉಸಿರುಗಟ್ಟಲ್ಲ. ಬರೀ ಔಟ್‌ಪುಟ್ ಸಾಕು ಅಂತ ಕೇಳಿ, ಮಗು ಸೋತು ವಾಪಸ್ ಬಂದರೆ, ಅದು 2ನೇ ಬಾಯಿಂದ ಹೇಳಿದ್ದರ ಒಂದಷ್ಟು ಭಾಗವನ್ನ ಗೋ ತಾನಾಗಿ ಎರರ್ ಜೊತೆ ಇಟ್ಟು ಕೊಡುತ್ತೆ. ರಸ್ಟ್‌ನಲ್ಲಿ ಮಗುವಿಗೆ ಕಾಯುವ ಮುಂಚೆ ಅದರ ಸ್ಟ್ಯಾಂಡರ್ಡ್ ಇನ್‌ಪುಟ್ ಅನ್ನು ತಾನೇ ಮುಚ್ಚುತ್ತೆ. ಯಾಕೆಂದರೆ ಅಪ್ಪ ಇನ್ನೂ ಏನೋ ಹೇಳಬಹುದು ಅಂತ ಮಗು, ಮಗು ಮುಗಿಸಲಿ ಅಂತ ಅಪ್ಪ, ಹೀಗೆ ಕಾಯೋದು ತಪ್ಪಲಿ ಅಂತ. ಯಾರೋ ಒಬ್ಬರು ಕೂತು ಯೋಚನೆ ಮಾಡಿದ್ದಾರೆ ಅಂತ ಕಾಣುತ್ತೆ, ಅಲ್ವಾ? ಬೋರ್ಡ್ ನೆಡೋದಕ್ಕೂ ಗುಂಡಿ ಮುಚ್ಚೋದಕ್ಕೂ ಇರೋ ವ್ಯತ್ಯಾಸ ಇದೇ.

ಹಾಗಂತ ಹೊಸದೆಲ್ಲ ಚಿನ್ನ ಅಲ್ಲ. ನೋಡ್‌ನ ಎಕ್ಸೆಕ್ ಮಗುವಿನ ಮಾತನ್ನೆಲ್ಲ ಮೆಮೊರಿಯಲ್ಲಿ ಸೇರಿಸಿ ಕೊಡುತ್ತೆ. ಮಾಮೂಲಿ ಮಿತಿ 1 ಎಂಬಿ. ಅದನ್ನ ದಾಟಿದರೆ ಮಗುವನ್ನೇ ಕೊಲ್ಲುತ್ತೆ. ಕೈಗೆ ಬರೋದು ಅರ್ಧ ಔಟ್‌ಪುಟ್ ಮತ್ತು ಒಂದು ಎರರ್. ಎರರ್ ನೋಡದ ಕೋಡ್ ಆ ಅರ್ಧವನ್ನೇ ಪೂರ್ತಿ ಅಂತ ನಂಬಿಕೊಂಡು ಮುಂದೆ ಹೋಗುತ್ತೆ. ಹ್ಯಾಂಗ್ ಆದರೆ ಗೊತ್ತಾದರೂ ಆಗುತ್ತೆ ಮಾರಾಯರೇ, ಇದು ಗೊತ್ತೇ ಆಗಲ್ಲ.

*

ಈಗ ನಮ್ಮ ಇನ್ನೊಂದು ದುರಭ್ಯಾಸ. ಸ್ಟ್ಯಾಂಡರ್ಡ್ ಎರರ್ ಅನ್ನು ತಗೊಂಡು ಹೋಗಿ ಡೆವ್ ನಲ್‌ಗೆ ಸುರಿಯೋದು. “ಲಾಗ್‌ನಲ್ಲಿ ಸುಮ್ಮನೆ ಕಸ ಬರುತ್ತೆ ಸಾರ್, ಅದಕ್ಕೆ.”

ಒಂದು ಕಡೆ, ಹೆಸರು ಬೇಡ, ನಾನು ಕಣ್ಣಾರೆ ಕಂಡದ್ದು. ಪ್ರತಿ ರಾತ್ರಿ ಡೇಟಾಬೇಸ್ ಡಂಪ್ ತೆಗೆದು, ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟು, ಫೈಲ್ ಮಾಡಿ ಇಡುವ ಸ್ಕ್ರಿಪ್ಟ್. ಎರರ್ ಡೆವ್ ನಲ್‌ಗೆ. ಯಾವತ್ತೋ ಡೇಟಾಬೇಸ್ ಪಾಸ್‌ವರ್ಡ್ ಬದಲಾಯ್ತು. ಡಂಪ್ ಪ್ರತಿ ರಾತ್ರಿ “ಒಳಗೆ ಬಿಡ್ತಾ ಇಲ್ಲ” ಅಂತ ಕೂಗಿಕೊಳ್ತು. ಕೂಗು ಡೆವ್ ನಲ್‌ಗೆ ಹೋಯ್ತು. ಜಿಜಿಪ್ ಪಾಪ, ಏನೂ ಬರದಿದ್ದರೂ ತನ್ನ ಕೆಲಸ ತಾನು ಮಾಡ್ತು. ಖಾಲಿಯನ್ನ ಶ್ರದ್ಧೆಯಿಂದ ಒತ್ತಿ 20 ಬೈಟಿನ ಫೈಲ್ ಮಾಡಿಟ್ಟು “ಎಲ್ಲ ಸರಿ” ಅಂದುಬಿಡ್ತು. ಶೆಲ್ ಪೈಪ್‌ಲೈನಿನಲ್ಲಿ ಮಾಮೂಲಿಯಾಗಿ ಕೊನೆಯವನ ಮಾತೇ ಎಲ್ಲರ ಮಾತು, ಹಾಗಾಗಿ ಎಕ್ಸಿಟ್ ಕೋಡ್ ಸೊನ್ನೆ. ದಿನಾಂಕ ಹಾಕಿದ ಅಚ್ಚುಕಟ್ಟಾದ ಫೈಲುಗಳು ಸಾಲಾಗಿ ಕೂತಿದ್ದವು, ಎಲ್ಲವೂ ಇಪ್ಪತ್ತಿಪ್ಪತ್ತು ಬೈಟು. ಬ್ಯಾಕಪ್ ಬೇಕಾದ ದಿನ ಅಲ್ಲಿದ್ದವರ ಮುಖ ನೋಡೋಕಾಗಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದಕ್ಕೆ ಮೀಟಿಂಗ್ ಆಯ್ತು.

ಪೈಪ್‌ಲೈನಿನಲ್ಲಿ ಯಾರು ಸೋತರೂ ಸೋಲು ಅಂತ ಹೇಳೋ ‘ಪೈಪ್‌ಫೇಲ್’ ಅನ್ನೋ ಆಯ್ಕೆ ಬ್ಯಾಶ್‌ನಲ್ಲಿ ಬಹಳ ಕಾಲದಿಂದ ಇದೆ. 2024ರಲ್ಲಿ ಪಾಸಿಕ್ಸ್ ಮಾನದಂಡಕ್ಕೂ ಸೇರಿತು. ಒಂದು ಸಾಲು ಬರೆದಿದ್ದರೆ ಸಾಕಿತ್ತು. ದೂರನ್ನ ಒಂದು ಫೈಲಿಗೆ ಬರೆದಿದ್ದರೂ ಸಾಕಿತ್ತು. ದೂರು ಹೇಳೋನ ಬಾಯಿ ಮುಚ್ಚಿದರೆ ದೂರು ಇಲ್ಲವಾಗಲ್ಲ, ಸಾಕ್ಷಿ ಇಲ್ಲವಾಗುತ್ತೆ.

ಕಿವಿಯ ಕಥೆಯೂ ಬೇರೆ ಅಲ್ಲ. ಮಗುವಿಗೆ ಯಾವ ಇನ್‌ಪುಟ್ ಅಂತ ನೀವು ಹೇಳದಿದ್ದರೆ ಶೆಲ್‌ನಲ್ಲಿ ಅದು ಅಪ್ಪನ ಕಿವಿಯನ್ನೇ ಹಂಚಿಕೊಳ್ಳುತ್ತೆ. ನೂರು ಹೆಸರಿರುವ ಪಟ್ಟಿಯನ್ನ ಒಂದೊಂದೇ ಸಾಲು ಓದ್ತಾ, ಪ್ರತಿ ಸಾಲಿಗೂ ಎಸ್‌ಎಸ್‌ಎಚ್ ಅಥವಾ ಎಫ್‌ಎಫ್‌ಎಂಪೆಗ್ ಕರೆಯೋ ಲೂಪ್ ಬರೆದು ನೋಡಿ. ಮೊದಲನೇ ಸುತ್ತಿನಲ್ಲೇ ಲೂಪ್ ಮುಗಿದುಹೋಗಬಹುದು. ಯಾಕೆ? ಉಳಿದ ತೊಂಬತ್ತೊಂಬತ್ತು ಸಾಲನ್ನ ಮಗು ತಾನೇ ಓದಿ ನುಂಗಿರುತ್ತೆ. ಎಫ್‌ಎಫ್‌ಎಂಪೆಗ್‌ನ ‘ನೋ ಎಸ್‌ಟಿಡಿಇನ್’, ಎಸ್‌ಎಸ್‌ಎಚ್‌ನ ‘ಎನ್’ ಆಯ್ಕೆ ಇರೋದು ಇದಕ್ಕೇ. ನೂರರಲ್ಲಿ ಒಂದೇ ಆಗಿದೆ, ಆದರೆ ಯಾವ ಎರರೂ ಇಲ್ಲ. ಇದನ್ನ ಹುಡುಕೋಕೆ ದಿನ ಕಳೆದವರು ಎಷ್ಟು ಜನರೋ.

*

ಈಗ ಕನ್ನಡಕ್ಕೆ ಬರ್ತೀನಿ.

ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ಗೆ ಬಂದಾಗ ಮೂರು ಬೈಟು. ಇಂಗ್ಲಿಷಿನದು ಒಂದು. ‘ಕರ್ನಾಟಕ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 9 ಬೈಟು. ಕನ್ನಡದಲ್ಲಿ ಕ, ರ, ವಿರಾಮ, ನ, ದೀರ್ಘ, ಟ, ಕ ಅಂತ ಏಳು ಸಂಕೇತ, 21 ಬೈಟು. ಆ 65,536 ಬೈಟಿನ ಕಟ್ಟೆ ನೆನಪಿದೆಯಾ? ಅದರಲ್ಲಿ ಇಂಗ್ಲಿಷಿನ 65,536 ಅಕ್ಷರ ಹಿಡಿಸುತ್ತೆ, ಕನ್ನಡದ್ದು ಬರೀ 21,845 ಸಂಕೇತ. ಅಂದರೆ ಇಂಗ್ಲಿಷ್ ಪಠ್ಯ ಕೊಟ್ಟು ಟೆಸ್ಟ್ ಮಾಡಿ “ನಲವತ್ತು ಸಾವಿರ ಅಕ್ಷರ ಕೊಟ್ಟೆ, ಸುಸೂತ್ರ ಓಡ್ತು” ಅಂದವನ ಪ್ರೋಗ್ರಾಂ, ಅಷ್ಟೇ ಕನ್ನಡ ಕೊಟ್ಟರೆ ಅರ್ಧದಾರಿಯಲ್ಲಿ ಕಲ್ಲಾಗುತ್ತೆ. ಆಗ ಕೇಳಿಬರೋ ಮಾತು ನಿಮಗೆಲ್ಲ ಗೊತ್ತು. “ಕನ್ನಡ ಸಪೋರ್ಟ್ ಇಲ್ಲ.” ಕನ್ನಡಕ್ಕೇನಾಗಿದೆ ಸ್ವಾಮಿ? ನಿಮ್ಮ ಸಪ್ಲೈಯರ್ ಎದ್ದು ಹೋಗಿಲ್ಲ!

ಇನ್ನೂ ಇದೆ. ಪೈಪಿನಿಂದ ಓದುವಾಗ 4,096 ಬೈಟಿನ ತುಂಡು ತುಂಡಾಗಿ ಓದಿ, ಪ್ರತಿ ತುಂಡನ್ನೂ ಅಲ್ಲಲ್ಲೇ ಅಕ್ಷರ ಮಾಡೋ ಚಾಳಿ ಬಹಳ ಜನಕ್ಕಿದೆ. 4,096 ಮೂರರಿಂದ ಭಾಗ ಹೋಗಲ್ಲ, ಒಂದು ಉಳಿಯುತ್ತೆ. ಉಳಿದ ಆ ಒಂದು ಬೈಟು ಯಾವುದೋ ಕನ್ನಡ ಅಕ್ಷರದ ತಲೆ. ಅದರ ಮೈ ಮುಂದಿನ ತುಂಡಿನಲ್ಲಿದೆ. ಎರಡನ್ನೂ ಬೇರೆ ಬೇರೆ ಡಿಕೋಡ್ ಮಾಡಿದರೆ ವಜ್ರಾಕಾರದ ಕಪ್ಪು ಪ್ರಶ್ನೆಚಿಹ್ನೆ. ನೀಟಾಗಿರೋ ಲೇಖನದ ನಡುವೆ ಅಲ್ಲೊಂದು ಇಲ್ಲೊಂದು ಅಕ್ಷರ ಮುರಿದಿರೋದನ್ನ ನೀವು ನೋಡಿದ್ದರೆ, ಅದಕ್ಕೆ ಫಾಂಟೇ ಕಾರಣ ಆಗಬೇಕಿಲ್ಲ. ಇಂಗ್ಲಿಷಿನಲ್ಲಿ ಅಕ್ಷರವೂ ಬೈಟೂ ಒಂದೇ ಆದ್ದರಿಂದ ಈ ತಪ್ಪು ಅಲ್ಲಿ ಕಾಣಿಸೋದೇ ಇಲ್ಲ.

ಮೂರನೇದು ಎಲ್ಲಕ್ಕಿಂತ ಕೆಟ್ಟದು. ವಿಂಡೋಸ್‌ನಲ್ಲಿ ಒಂದು ಪೈಥಾನ್ ಪ್ರೋಗ್ರಾಂ ಕನ್ನಡ ಪ್ರಿಂಟ್ ಮಾಡುತ್ತೆ ಅಂತಿಟ್ಟುಕೊಳ್ಳಿ. ಕನ್ಸೋಲ್‌ನಲ್ಲಿ ಓಡಿಸಿದರೆ ಓಡುತ್ತೆ, 2016ರ ಪೈಥಾನ್ 3.6ರಿಂದ ಕನ್ಸೋಲ್‌ಗೆ ಯೂನಿಕೋಡ್ ದಾರಿ ಇದೆ. ಅದೇ ಪ್ರೋಗ್ರಾಂ ಅನ್ನು ಇನ್ನೊಂದು ಪ್ರೋಗ್ರಾಂ ಮಗುವಾಗಿ ಕರೆದು ಪೈಪ್ ಹಾಕಿದರೆ ಮೊದಲ ಅಕ್ಷರಕ್ಕೇ ಎನ್‌ಕೋಡ್ ಎರರ್ ಹೊಡೆದು ಸಾಯಬಹುದು. ಯಾಕೆಂದರೆ ಪೈಪ್ ಅಂದ ಕೂಡಲೇ ಅದು ವಿಂಡೋಸ್‌ನ ಹಳೇ ಕೋಡ್‌ಪೇಜ್ ಹಿಡಿದುಕೊಳ್ಳುತ್ತೆ, ನಮ್ಮಲ್ಲಿ ಬಹಳ ಮಷಿನ್‌ಗಳಲ್ಲಿ ಅದು 1252. ಅದರಲ್ಲಿ ಫ್ರೆಂಚ್ ಇದೆ, ಜರ್ಮನ್ ಇದೆ, ಕನ್ನಡ ಇಲ್ಲ. ಕನ್ನಡಕ್ಕಾಗಿ ವಿಂಡೋಸ್‌ನಲ್ಲಿ ಹಾಗೊಂದು ಕೋಡ್‌ಪೇಜನ್ನ ಸಿಸ್ಟಮ್‌ಗೆ ಆರಿಸಿಕೊಳ್ಳೋ ದಾರಿಯೇ ಇಲ್ಲ, ನಮ್ಮದು ಯೂನಿಕೋಡ್ ಮಾತ್ರದ ಭಾಷೆ. ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳದ ಪ್ರತಿ ಪೈಪೂ ಕನ್ನಡಕ್ಕೆ ಮುಚ್ಚಿದ ಬಾಗಿಲು. ಪೈಥಾನ್ 3.15ರಿಂದ ಯುಟಿಎಫ್-8 ಮಾಮೂಲಿ ಅಂತ ತೀರ್ಮಾನವಾಗಿದೆ, ಜಾವಾ 18 2022ರಲ್ಲೇ ಆ ದಾರಿ ಹಿಡಿಯಿತು. ಸಂತೋಷ. ಆದರೆ ಅಪ್ಪ ಯುಟಿಎಫ್-8, ಮಗು 1252 ಅಂತಾದರೆ ಜಗಳ ಇದ್ದೇ ಇದೆ. ಎರಡೂ ಕಡೆ ಮಾತಾಡಿಕೊಂಡಿರಬೇಕು.

ಟೆಸೆರಾಕ್ಟ್ ಕನ್ನಡ ಓದುತ್ತೆ, ಪಠ್ಯವನ್ನ ಸೀದಾ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ ಕೊಡುತ್ತೆ. ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಯೂನಿಕೋಡಿಗೆ ತರಬೇಕು, ಹಳೇ ಫಾಂಟಿನ ಲೇಖನ ಬದಲಾಯಿಸಬೇಕು, ಆಡಿಯೋ ಸೇರಿಸಬೇಕು ಅಂತ ಸಂಜೆ ಹೊತ್ತು ಕೂತು ಸ್ಕ್ರಿಪ್ಟ್ ಬರೆಯೋರು ನಮ್ಮಲ್ಲೇ ಇದ್ದಾರೆ. ಇವೆಲ್ಲ ಒಂದು ಪ್ರೋಗ್ರಾಂ ಇನ್ನೊಂದನ್ನ ಕರೆಯೋ ಕೆಲಸಗಳೇ. ಸಾವಿರ ಪುಟ ಓಡಿಸಿ ಬೆಳಿಗ್ಗೆ ಬಂದು ನೋಡಿದರೆ ನಾನೂರಕ್ಕೆ ನಿಂತಿದೆ, ಯಾಕೆ ಅಂತ ಗೊತ್ತಿಲ್ಲ. ಹೀಗೆ ಎರಡು ಸಲ ಆದರೆ ಎಷ್ಟು ಜನ ಮೂರನೇ ಸಲ ಕೂರ್ತಾರೆ? ಸಂಬಳ ಇಲ್ಲದೆ ಮಾಡೋ ಕೆಲಸ ನಿಂತುಹೋಗೋದು ಹೀಗೇ, ಯಾರೂ ವಿರೋಧ ಮಾಡಿ ಅಲ್ಲ.

*

ಆಕ್ಷೇಪಣೆಗಳು ಇವೆ, ಕೇಳಿದ್ದೀನಿ.

“ಟೈಮ್‌ಔಟ್ ಹಾಕಿ, ಹತ್ತು ನಿಮಿಷ ಆದರೆ ಕೊಂದುಬಿಡಿ.” ಕೊಲ್ಲೋದು ಯಾರನ್ನ? ಶೆಲ್ ಮೂಲಕ ಕರೆದಿದ್ದರೆ ನೀವು ಕೊಂದದ್ದು ಶೆಲ್ ಅನ್ನು. ಅದು ಹೆತ್ತ ಮೊಮ್ಮಗು ಇನ್ನೂ ಬದುಕಿದೆ, ಪೈಪಿನ ತುದಿ ಅದರ ಕೈಯಲ್ಲಿದೆ. ಆ ತುದಿ ಮುಚ್ಚೋ ತನಕ ನಿಮಗೆ ಎಂಡ್ ಆಫ್ ಫೈಲ್ ಬರಲ್ಲ, ಓದೋನು ಓದ್ತಾ ಕೂತೇ ಇರ್ತಾನೆ. ಇದು ಎಷ್ಟು ಸಾಮಾನ್ಯ ಅಂದರೆ ಗೋ ಭಾಷೆ 1.20ರಲ್ಲಿ, 2023ಕ್ಕೆ, ಇದಕ್ಕೇ ಅಂತ ‘ವೇಟ್ ಡಿಲೇ’ ಸೇರಿಸಿತು. ಟೈಮ್‌ಔಟ್ ಬೇಕು, ಆದರೆ ಅದು ಬೆಂಕಿ ಆರಿಸೋ ಸಿಲಿಂಡರ್. ಅದಿದೆ ಅಂತ ಒಲೆ ಪಕ್ಕ ಸೀಮೆಎಣ್ಣೆ ಇಡಬಾರದು.

“ಎರಡನ್ನೂ ಒಂದೇ ಪೈಪಿಗೆ ಸೇರಿಸಿಬಿಡಿ.” ಡೆಡ್‌ಲಾಕ್ ಭಯ ಕಮ್ಮಿ ಆಗುತ್ತೆ, ನಿಜ. ಲಾಗ್‌ಗೆ ಮಾತ್ರ ಆದರೆ ಧಾರಾಳವಾಗಿ ಸೇರಿಸಿ. ಆದರೆ ಔಟ್‌ಪುಟ್ ಅನ್ನು ಇನ್ನೊಂದು ಪ್ರೋಗ್ರಾಂ ಓದಬೇಕಾದರೆ, ಐವತ್ತು ವರ್ಷದ ಹಿಂದಿನ ಆ ಅಚ್ಚುಯಂತ್ರದ ಕಥೆ ಮತ್ತೆ ಶುರು.

“ಈಗೇನು, ಎಐ ಬರೆದುಕೊಡುತ್ತೆ.” ಅದು ಕಲಿತದ್ದು ನಾವು ಬರೆದು ಹರಡಿದ ಕೋಡ್ ನೋಡಿ. ವೇಟ್ ಮೊದಲು, ರೀಡ್ ಆಮೇಲೆ ಅಂತ ಬರೆದರೆ ಗುರುತು ಹಿಡಿಯೋ ಕಣ್ಣು ನಿಮಗೇ ಬೇಕು.

ನಾನು ಕೇಳೋದು ದೊಡ್ಡದೇನಲ್ಲ. ಮಗುವನ್ನ ಹುಟ್ಟಿಸೋ ಮುಂಚೆ ಮೂರೂ ಕೊಳವೆ ಎಲ್ಲಿಗೆ ಅಂತ ತೀರ್ಮಾನ ಮಾಡಿ, ಕೋಡ್‌ನಲ್ಲಿ ಬರೆಯಿರಿ. ಇನ್‌ಪುಟ್ ಕೊಡೋಕಿಲ್ಲ ಅಂದರೆ ನಲ್‌ಗೆ ಜೋಡಿಸಿ. ಕೊಡೋಕಿದ್ದರೆ ಕೊಟ್ಟು ಮುಗಿದ ಮೇಲೆ ಮುಚ್ಚಿ, ಕೊಡ್ತಾ ಇರುವಾಗಲೇ ಅತ್ತ ಕಡೆ ಓದ್ತಾನೂ ಇರಿ. ಎರಡು ಪೈಪ್ ತಗೊಂಡರೆ ಎರಡನ್ನೂ ಒಟ್ಟಿಗೆ ಓದಿ. ಪೈಥಾನ್‌ನಲ್ಲಿ ಕಮ್ಯುನಿಕೇಟ್ ಇದೆ, 2015ರಿಂದ ರನ್ ಇದೆ, ಜಾವಾದಲ್ಲಿ ಒಂದು ಥ್ರೆಡ್ ಹಾಕಿ. ಅದೂ ತಲೆಬಿಸಿ ಅಂದರೆ ನೇರ ಫೈಲಿಗೆ ಬರೆಸಿ, ಆಮೇಲೆ ಆರಾಮಾಗಿ ಓದಿ. ಫೈಲಿನ ಮುಂದೆ ಯಾರೂ ತಟ್ಟೆ ಹಿಡಿದು ಕಾಯಬೇಕಿಲ್ಲ. ಎಕ್ಸಿಟ್ ಕೋಡ್ ನೋಡಿ. ಎರರ್ ಅನ್ನು ಇಟ್ಟುಕೊಳ್ಳಿ. ಯುಟಿಎಫ್-8 ಅಂತ ಎರಡೂ ಕಡೆ ಹೇಳಿ.

ಒಂದು ಟೆಸ್ಟ್ ಕೂಡ ಬರೆಯಿರಿ. ಮಗು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಒಂದು ಲಕ್ಷ, ಸ್ಟ್ಯಾಂಡರ್ಡ್ ಎರರ್‌ಗೆ ಒಂದು ಲಕ್ಷ ‘ಕ’ ಬರೀಲಿ. ತಲಾ ಮೂರು ಲಕ್ಷ ಬೈಟು, ಯಾವ ಮಾಮೂಲಿ ಕಟ್ಟೆಗೂ ಹಿಡಿಸಲ್ಲ. ಅಪ್ಪನ ಕೈಗೆ ಎರಡೂ ಲಕ್ಷ ಒಂದೂ ಮುರಿಯದೆ ಬಂದರೆ ನಿಮ್ಮ ಕೋಡ್ ಪಾಸ್. ನಿಂತುಹೋದರೆ, ಪ್ರಶ್ನೆಚಿಹ್ನೆ ಬಂದರೆ, ಇವತ್ತೇ ಸಿಕ್ಕಿಬಿತ್ತಲ್ಲ ಅಂತ ಖುಷಿಪಡಿ. ಹತ್ತು ನಿಮಿಷದ ಕೆಲಸ. ಮಾಡಿ ನೋಡಿ, ನಿಮ್ಮ ಯಾವ ಸ್ಕ್ರಿಪ್ಟ್ ನಿಂತುಹೋಯ್ತು ಅಂತ ಕೆಳಗೆ ಬರೆಯಿರಿ. ಯಾವ ಲೈಬ್ರರಿ ಕೈಕೊಡ್ತು ಅಂತ ಪಟ್ಟಿ ಮಾಡೋಣ. “ಒಮ್ಮೊಮ್ಮೆ ಹ್ಯಾಂಗ್ ಆಗುತ್ತೆ” ಅಂತ ಇನ್ನು ಮುಂದೆ ಯಾರಾದರೂ ಹೇಳಿದರೆ, ಕಿಲ್ ಮಾಡೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ಅದರ ಎರಡನೇ ಬಾಯಿಯ ಹತ್ತಿರ ಯಾರು ಕೂತಿದ್ದಾರೆ?